ಅಕ್ಕನ ದೊಡ್ಡಕರುಳು

ನನ್ನ ಅಕ್ಕ ಬೆಳಿಗ್ಗೆ ಕಕ್ಕಸಿಗೆ ಹೋದರೆ ಎರಡು ನಿಮಿಷಕ್ಕೆ ಹೊರಗೆ ಬರುತ್ತಾಳೆ. ನಾನು ಪೇಪರಿನ ಸಂಪಾದಕೀಯ, ಓದುಗರ ಪತ್ರ, ಕೊನೆಗೆ ಟೆಂಡರ್ ಪ್ರಕಟಣೆಗಳನ್ನೂ ಓದಿ ಮುಗಿಸಿದ ಮೇಲೂ ಒಳಗೇ ಇರುತ್ತೇನೆ. ಐವತ್ತು ದಾಟಿದ ಗಂಡಸು ಇಂಥ ವಿಷಯಕ್ಕೆ ಒಡಹುಟ್ಟಿದವಳ ಮೇಲೆ ಹೊಟ್ಟೆಕಿಚ್ಚು ಪಡುತ್ತಾನೆಂದರೆ ಯಾರಾದರೂ ನಕ್ಕಾರು. ಕೆಲವು ವರ್ಷ ನಾನೂ ನಕ್ಕಿದ್ದೆ. ಆಮೇಲೊಂದು ದಿನ ಮಲದಲ್ಲಿ ರಕ್ತ ಕಂಡಿತು.

ನಾನು ಕೆಜಿಎಫ್‌ನಲ್ಲಿ ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಪಾಠ ಮಾಡುವವನು. ನಮ್ಮ ವಂಶದಲ್ಲಿ ಡಿಗ್ರಿ ಪಡೆದವರಲ್ಲಿ ನಾನೇ ಮೊದಲಿಗ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಕ್ಯಾಸಂಬಳ್ಳಿ ಹತ್ತಿರದ ಹಳ್ಳಿಯಲ್ಲಿ ಬೇರೆಯವರ ಹೊಲದಲ್ಲಿ ದುಡಿಯುತ್ತಿದ್ದ. ನಾನು ಬಸ್ಸಿನ ಬಾಗಿಲಿಗೆ ಜೋತುಬಿದ್ದು ಹೋಗಿ ಬಂಗಾರಪೇಟೆಯಲ್ಲಿ ಓದಿದವನು. ಇಂಗ್ಲಿಷ್ ಪೇಪರ್ ಎರಡು ಸಲ ಹೋಯಿತು, ಮೂರನೇ ಸಲ ಬಂತು. ಯಾರೂ ಕೈಹಿಡಿದು ದಾಟಿಸಲಿಲ್ಲ ಎಂದು ಎಲ್ಲರ ಮುಂದೆ ಹೇಳುತ್ತಿದ್ದೆ. ಅದು ಪೂರ್ತಿ ನಿಜವಲ್ಲ. ಮನೆಯ ಅನ್ನ ನನ್ನ ಕೈ ಹಿಡಿದಿತ್ತು.

ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡಿತ್ತು. ದಿನಾ ಎಲ್ಲರಿಗೂ ರಾಗಿಮುದ್ದೆ. ಒಂದು ಪುಟ್ಟ ಪಾತ್ರೆಯಲ್ಲಿ ಮಾತ್ರ ಬಿಳಿ ಅನ್ನ. ಅದು ಓದುವ ಹುಡುಗನಿಗೆ, ಅಂದರೆ ನನಗೆ. ಮುದ್ದೆ ತಿಂದರೆ ಮೈಗೆ ಬಲ, ಅನ್ನ ತಿಂದರೆ ತಲೆಗೆ ಬಲ ಎಂದು ಅಪ್ಪನಿಗೆ ಯಾರು ಹೇಳಿದ್ದರೋ. ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ನಾಲ್ಕನೇ ಕ್ಲಾಸಿಗೇ ಅವಳನ್ನು ಬಿಡಿಸಿದ್ದರು. ಆ ಅನ್ನದ ಪಾತ್ರೆ ತೊಳೆಯುವ ಕೆಲಸ ಅವಳದು. ತಳಕ್ಕೆ ಅಂಟಿದ ಅಗುಳನ್ನು ಬೆರಳಲ್ಲಿ ಕೆರೆದು ತಿನ್ನುವುದನ್ನು ನಾನು ನೋಡಿದ್ದೇನೆ. ಒಂದು ದಿನ ನನಗೂ ಬೇಕು ಎಂದು ಅತ್ತಳು. ಅಪ್ಪ ಹೊಡೆಯಲಿಲ್ಲ, ಗದರಲೂ ಇಲ್ಲ. 'ನೀನು ಓದ್ತೀಯಾ?' ಎಂದು ಕೇಳಿದ, ಅಷ್ಟೆ.

ಅವಳು ಮದುವೆಯಾಗಿ ಪಕ್ಕದ ಹಳ್ಳಿಗೇ ಹೋದಳು. ಎರಡು ಎಕರೆ ರಾಗಿ, ಸೊಪ್ಪು, ಟೊಮೆಟೊ, ಒಂದು ಹಸು. ಅವಳ ಊಟ ಬದಲಾಗಲಿಲ್ಲ: ಮುದ್ದೆ, ಬಸ್ಸಾರು, ಹುರುಳಿ ಸಾರು, ಬೆಳಿಗ್ಗೆ ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಈರುಳ್ಳಿ ಹಾಕಿದ ಅಂಬಲಿ. ನಾನು ಕೆಲಸಕ್ಕೆ ಸೇರಿದ ಮೇಲೆ ನನ್ನ ಊಟ ನನ್ನ ಅಂತಸ್ತಿನ ಜೊತೆಗೆ ಏರಿತು. ಕೆಜಿಎಫ್‌ನಲ್ಲಿ ಪರೋಟ ಸಾಲ್ನಾ ತಿನ್ನದವನು ಯಾರು? ವಾರಕ್ಕೆ ಮೂರು ನಾಲ್ಕು ಸಂಜೆ ಸಹೋದ್ಯೋಗಿಗಳ ಜೊತೆ ಪರೋಟ, ಮಟನ್ ಚಾಪ್ಸ್, ಅಂಚು ಕರಿಕಾದ ಕಬಾಬ್. ಬೆಳಿಗ್ಗೆ ಬೇಕರಿ ಬ್ರೆಡ್. ಸೊಪ್ಪು ಎಂದರೆ ಬಡತನದ ಬಣ್ಣ ಎಂದುಕೊಂಡಿದ್ದೆ. ಅಕ್ಕ ಬಂದಾಗಲೆಲ್ಲ ಚೀಲದ ತುಂಬ ಸೊಪ್ಪು ತರುತ್ತಿದ್ದಳು. ಅರ್ಧವನ್ನು ನೆರೆಯವರಿಗೆ ಕೊಡುತ್ತಿದ್ದೆವು.

ರಕ್ತ ಕಂಡ ಮೇಲೆ ಬಂಗಾರಪೇಟೆಯ ಆಸ್ಪತ್ರೆಗೆ ಹೋದೆ. ಕೊಳವೆ ಹಾಕಿ ದೊಡ್ಡಕರುಳನ್ನು ನೋಡಿದ ಡಾಕ್ಟರಮ್ಮ ಒಳಗೋಡೆಯಲ್ಲಿ ಮೂರು ಗಂಟು ಬೆಳೆದಿವೆ ಎಂದರು, ಆಗಲೇ ಕತ್ತರಿಸಿ ತೆಗೆದರು. ಕ್ಯಾನ್ಸರ್ ಅಲ್ಲ, ಆದರೆ ಒಂದು ಅದೇ ದಾರಿ ಹಿಡಿದಿತ್ತು. ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದರು. ಅಪ್ಪ ರಕ್ತ ಹೋಗಿ ಹೋಗಿ ಸೊರಗಿ ಸತ್ತದ್ದನ್ನು ಹೇಳಿದೆ. ಮೂಲವ್ಯಾಧಿ ಎಂದು ನಾಟಿ ಔಷಧಿ ಕೊಡಿಸಿದ್ದೆವು. ಅದು ನಿಜಕ್ಕೂ ಏನಾಗಿತ್ತೆಂದು ಈಗ ಯಾರೂ ಹೇಳಲಾರರು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, 'ನಿಮ್ಮ ಒಡಹುಟ್ಟಿದವರನ್ನೂ ಕರೆದುಕೊಂಡು ಬನ್ನಿ' ಎಂದರು.

ಆಮೇಲೆ ನಾನು ಓದತೊಡಗಿದೆ. ಪಾಠ ಹೇಳುವವನ ಕಾಯಿಲೆ ಅದು. ಓದಿದಷ್ಟೂ ಹೊಟ್ಟೆ ಉರಿಯಿತು. ನಾವು ಅರಗಿಸಿಕೊಳ್ಳಲಾಗದ ನಾರು, ಆರಿದ ಮುದ್ದೆಯಲ್ಲಿ ಗಟ್ಟಿಯಾಗುವ ಪಿಷ್ಟ, ಇವೆಲ್ಲ ಸಣ್ಣಕರುಳನ್ನು ದಾಟಿ ದೊಡ್ಡಕರುಳಿಗೆ ಇಳಿಯುತ್ತವೆ. ಅಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ಅವನ್ನು ಹುಳಿಸಿ ಒಂದು ಆಮ್ಲ ಮಾಡುತ್ತವೆ: ಬ್ಯುಟಿರಿಕ್ ಆಮ್ಲ. ಕರುಳಿನ ಒಳಗೋಡೆಯ ಜೀವಕೋಶಗಳಿಗೆ ಅದೇ ಊಟ. ಅದು ಸಾಕಷ್ಟು ಸಿಕ್ಕರೆ ಗೋಡೆ ಗಟ್ಟಿಯಾಗಿರುತ್ತದೆ, ದಾರಿ ತಪ್ಪಿದ ಕೋಶ ಬೆಳೆಯದೆ ಸಾಯುವುದಕ್ಕೂ ಅದು ನೆರವಾಗುತ್ತದಂತೆ. ನಾರಿಲ್ಲದೆ ಬರೀ ಕೊಬ್ಬು, ಕೆಂಪು ಮಾಂಸ ಇಳಿದರೆ ಬೇರೆ ಕಥೆ. ಕೊಬ್ಬು ಕರಗಿಸಲು ಪಿತ್ತರಸ ಹೆಚ್ಚು ಸುರಿಯುತ್ತದೆ, ಕೆಳಗಿನ ಸೂಕ್ಷ್ಮಜೀವಿಗಳು ಆ ಪಿತ್ತವನ್ನೇ ಗೋಡೆ ಕೆರಳಿಸುವ ವಸ್ತುವಾಗಿ ಮಾರ್ಪಡಿಸುತ್ತವೆ.

ಬ್ಯುಟಿರಿಕ್ ಆಮ್ಲ ನನಗೆ ಹೊಸದಲ್ಲ. ಕಾಲೇಜಿನ ಲ್ಯಾಬಿನಲ್ಲಿ ಅದರ ಬಾಟಲಿ ತೆರೆದಾಗ ಕೆಟ್ಟ ಬೆಣ್ಣೆಯ ವಾಸನೆಗೆ ಮೂಗು ಮುಚ್ಚಿಕೊಂಡಿದ್ದೇನೆ. ಅದರ ಸೂತ್ರವನ್ನು ಬೋರ್ಡಿನ ಮೇಲೆ ಬರೆದು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ನಾನು ಸೂತ್ರ ಬರೆಯುತ್ತಿದ್ದ ಅಷ್ಟೂ ವರ್ಷ ಅಕ್ಕನ ಕರುಳು ಅದನ್ನು ದಿನಾ ತಯಾರಿಸುತ್ತಿತ್ತು. ನಾಲ್ಕನೇ ಕ್ಲಾಸು ಓದಿದ ಕರುಳು.

ಮುಂದಿನ ಭಾನುವಾರ ಅವಳ ಮನೆಗೆ ಹೋಗಿದ್ದೆ. ಎಲ್ಲರೂ ಊಟಕ್ಕೆ ಕೂತಿದ್ದರು. ನನಗೆ ಅನ್ನ ಬಡಿಸಿ, ತಾನು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗುತ್ತಿದ್ದಳು. ಅವಳ ಗಂಟಲು ಏರಿಳಿಯುವುದನ್ನು ನೋಡುತ್ತ ನನ್ನ ಬಾಯಿಂದ ಮಾತು ಬಂತು. 'ನಿನಗೇನೂ ಬರಲ್ಲ ಬಿಡಕ್ಕ. ಮುದ್ದೆ ತಿನ್ನೋರಿಗೆ ಈ ಕಾಯಿಲೆ ಬರಲ್ಲ. ನಿಂದು ಕಬ್ಬಿಣದ ಕರುಳು.'

ಎಲ್ಲರೂ ನಕ್ಕರು. ಅಪ್ಪನೂ ಮುದ್ದೆ ತಿಂದೇ ಬದುಕಿದವನು ಎಂಬುದು ನನಗೆ ಗೊತ್ತಿತ್ತು. ಅವನು ಬೀಡಿ ಸೇದುತ್ತಿದ್ದ, ಸಾರಾಯಿ ಕುಡಿಯುತ್ತಿದ್ದ ಎಂದು ಒಳಗೊಳಗೇ ಸಮಾಧಾನ ಹೇಳಿಕೊಂಡೆ. ಆ ಮಾತನ್ನು ನಾನು ವಿಜ್ಞಾನವಾಗಿ ಆಡಿರಲಿಲ್ಲ, ಉರಿಯಲ್ಲಿ ಆಡಿದ್ದೆ.

ಡಾಕ್ಟರಮ್ಮ ಹೇಳಿದ್ದನ್ನು ತಿಳಿಸಿದಾಗ ಅಕ್ಕ ಬರುತ್ತೇನೆಂದಳು. ಎರಡು ಸಲ ಕೇಳುವ ಅಗತ್ಯವೇ ಬೀಳಲಿಲ್ಲ. ಕರೆದುಕೊಂಡು ಹೋಗುವುದು ನನ್ನ ಕರ್ತವ್ಯ ಎಂದು ಹೆಂಡತಿಗೆ ಹೇಳಿದೆ. ಆದರೆ ಇಲ್ಲಿ ಬರೆಯುವಾಗ ಸುಳ್ಳು ಬರೆಯಲಾರೆ. ನನ್ನೊಳಗೆ ಒಂದು ಆಸೆಯಿತ್ತು. ಅವಳಿಗೂ ಒಂದಾದರೂ ಸಿಗಲಿ. ಸಣ್ಣದು, ಅಪಾಯವಿಲ್ಲದ್ದು. ಆದರೆ ಒಂದು ಸಿಗಲಿ.

ಪರೀಕ್ಷೆಗೆ ಮುಂಚೆ ಕರುಳು ಖಾಲಿಯಾಗಬೇಕು. ಮೂರು ದಿನ ರಾಗಿ, ಸೊಪ್ಪು, ಕಾಳು, ಬೀಜ ಮುಟ್ಟುವಂತಿಲ್ಲ. ಬರೀ ಬಿಳಿ ಅನ್ನ, ತಿಳಿಸಾರು. ಕೊನೆಯ ದಿನ ಅದೂ ಇಲ್ಲ, ಸಂಜೆ ಕರುಳು ತೊಳೆಯುವ ಭೇದಿಪುಡಿ ಕಲಸಿದ ನೀರು. ಹಳ್ಳಿಯಲ್ಲಿ ಇದು ಆಗದ ಮಾತೆಂದು ಅಕ್ಕನನ್ನು ನಮ್ಮ ಮನೆಗೇ ಕರೆಸಿಕೊಂಡೆ. ಹೆಂಡತಿ ಬಡಿಸಿದ ಅನ್ನದ ಗುಡ್ಡೆಯನ್ನು ಅಕ್ಕ ಸ್ವಲ್ಪ ಹೊತ್ತು ನೋಡಿದಳು.

'ಇದೇನ್ಲಾ, ಸಾವ್ಕಾರ್ರ ಊಟ.'

'ತಿನ್ನಕ್ಕ. ಡಾಕ್ಟರ್ ಹೇಳಿದ್ದಾರೆ.'

ತಿಂದಳು. ಎರಡನೇ ದಿನ ಮಧ್ಯಾಹ್ನ ತಟ್ಟೆಯನ್ನು ಅರ್ಧಕ್ಕೇ ಸರಿಸಿ, 'ಇದುಕ್ಕಾ ನಾನು ಅಷ್ಟು ಅತ್ತಿದ್ದು? ಒಟ್ಟೆ ಒಳ್ಗೆ ಏನೂ ಇದ್ದಂಗೇ ಇಲ್ಲ' ಅಂದಳು. ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ. ನನ್ನ ತಲೆಗೆ ಬಲ ಕೊಟ್ಟ ಅನ್ನ ಅದು. ಅವಳು ಎರಡು ದಿನಕ್ಕೇ ಅದನ್ನು ಮೂಲೆಗೆ ಸರಿಸಿದ್ದಳು.

ಮೂರನೇ ದಿನ ಬೆಳಿಗ್ಗೆ ಅಕ್ಕನ ಸೊಸೆಯ ಫೋನು. ಹಸು ಒದೆಯುತ್ತಿದೆ, ಹಾಲು ಬಿಡುತ್ತಿಲ್ಲ. ಅಕ್ಕ ಸೀರೆ ಮಡಿಸಿ ಚೀಲಕ್ಕೆ ಹಾಕಿಕೊಂಡೇಬಿಟ್ಟಳು. ನಾಳೆ ಮೊದಲ ಬಸ್ಸಿಗೆ ಬಂಗಾರಪೇಟೆಗೆ ಬಂದು ಸೇರುತ್ತೇನೆಂದಳು. ಆಸ್ಪತ್ರೆಯವರು ಕೊಟ್ಟ ಚೀಟಿ ಇಂಗ್ಲಿಷಿನಲ್ಲಿತ್ತು. ನನಗೆ ಕಾಲೇಜಿಗೆ ಹೊತ್ತಾಗುತ್ತಿತ್ತು. ಅವಳು ಕೂಡಿಸಿಕೊಂಡು ಓದಬಲ್ಲಷ್ಟು ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ: 'ಈ ದಿನ ಏನೂ ತಿನ್ನಬಾರದು. ಕುಡಿಯುವ ಪದಾರ್ಥ ಎಷ್ಟು ಬೇಕಾದರೂ ಕುಡಿಯಬಹುದು. ಸಂಜೆ ಪುಡಿ ಕಲಸಿದ ನೀರು ಪೂರ್ತಿ ಕುಡಿಯಬೇಕು.' ಮೂಲ ಚೀಟಿಯಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು. ಕುಡಿಯುವುದು ತಿಳಿಯಾಗಿರಬೇಕು, ಲೋಟದ ಆಚೆಬದಿ ಕಾಣಬೇಕು. ಅದನ್ನು ಬಿಟ್ಟೆ. ಎಳನೀರು, ಬೆಲ್ಲದ ನೀರು ಬಿಟ್ಟು ಅವಳು ಇನ್ನೇನು ಕುಡಿದಾಳು ಎಂದುಕೊಂಡೆ.

ನಮ್ಮ ಕಡೆ ಅಂಬಲಿಯನ್ನು ಯಾರೂ ತಿನ್ನುವುದಿಲ್ಲ. ಕುಡಿಯುತ್ತಾರೆ.

ಮಾರನೆಯ ದಿನ ಡಾಕ್ಟರಮ್ಮ ಕೊಳವೆ ಹಾಕಿದ ಹತ್ತು ನಿಮಿಷಕ್ಕೇ ಹೊರಬಂದರು. ಗೋಡೆಗೆಲ್ಲ ಕಂದು ಗಾರೆ ಮೆತ್ತಿದಂತಿದೆ, ಏನೂ ಕಾಣಿಸುತ್ತಿಲ್ಲ ಎಂದರು. ಮಂಪರು ಇಳಿದ ಮೇಲೆ ಅಕ್ಕನನ್ನೇ ಕೇಳಿದರು. 'ಏನಮ್ಮ ಕುಡಿದ್ರಿ ನಿನ್ನೆ?'

'ಅಂಬ್ಲಿ ತಾಯಿ. ಮೂರು ಚೆಂಬು. ತೆಳ್ಳಗೇ ಕಲ್ಸಿದ್ದೆ.'

'ಅಂಬಲಿ ಕುಡಿಬಹುದು ಅಂತ ಯಾರು ಹೇಳಿದ್ದು ನಿಮಗೆ?'

ಅಕ್ಕ ನನ್ನ ಮುಖ ನೋಡಿದಳು. ಅಲ್ಲಿ ಇಬ್ಬರು ನರ್ಸುಗಳಿದ್ದರು, ನನ್ನ ಹಳೆಯ ವಿದ್ಯಾರ್ಥಿಯ ತಂದೆಯೊಬ್ಬರು ಬೆಂಚಿನ ಮೇಲೆ ಕೂತಿದ್ದರು. ನಾನು ಹೇಳಿದೆ: 'ಹಳ್ಳಿಯವರು ಮೇಡಂ. ಎಷ್ಟು ಹೇಳಿದ್ರೂ ಅಷ್ಟೆ.'

ಡಾಕ್ಟರಮ್ಮ ತೆಲುಗಿನಲ್ಲಿ ಅವಳಿಗೆ ಏನೋ ತಮಾಷೆ ಮಾಡಿದರು. ಅಕ್ಕನೂ ತೆಲುಗಿನಲ್ಲೇ ಉತ್ತರ ಕೊಟ್ಟಳು, ಇಬ್ಬರೂ ನಕ್ಕರು. ನಾನು ಅಷ್ಟು ಸಲ ಆ ಆಸ್ಪತ್ರೆಗೆ ಹೋಗಿದ್ದೇನೆ, ಆಕೆ ನನ್ನ ಜೊತೆ ಒಂದು ಸಲವೂ ಹಾಗೆ ನಕ್ಕಿರಲಿಲ್ಲ. ಹೊಸ ದಿನಾಂಕ ಬರೆದುಕೊಟ್ಟರು. ಬಸ್ಸಿನಲ್ಲಿ ಅಕ್ಕ ಕಿಟಕಿಗೆ ತಲೆ ಆನಿಸಿ ಮಲಗಿದಳು. ಇಳಿಯುವಾಗ ಮಾತ್ರ ಅಂದಳು. 'ಇನ್ನ ನಾನು ಬರಲ್ಲ ಕಣ್ಲಾ.'

ಒಂದೆರಡು ಸಲ ಫೋನಿನಲ್ಲಿ ಕೇಳಿದೆ. 'ನೀನೇ ಯೋಳಿದ್ದಲ್ಲ, ಮುದ್ದೆ ತಿನ್ನೋರ್ಗೆ ಬರಲ್ಲ ಅಂತ. ಮತ್ತ್ಯಾಕೆ?' ಎನ್ನುತ್ತಿದ್ದಳು. ನಾನೂ ಬಿಟ್ಟೆ. ನಿಜ ಹೇಳಬೇಕೆಂದರೆ ಹಗುರವಾಯಿತು. ಪರೀಕ್ಷೆಯೇ ಆಗದಿದ್ದರೆ ಅವಳ ಕರುಳು ನನ್ನದಕ್ಕಿಂತ ಚೆನ್ನಾಗಿದೆ ಎಂದು ಯಾರೂ ಬರೆದುಕೊಡುವಂತಿಲ್ಲ.

ಆ ದಿನಾಂಕವೂ ದಾಟಿ ಹೋಯಿತು. ಒಂದು ದಿನ ಅಕ್ಕ ದಂಟಿನ ಸೊಪ್ಪು ಕೊಡಲು ಮನೆಗೆ ಬಂದಳು. ಜಗಲಿಯಲ್ಲಿ ಕೂತು ಹೆಂಡತಿಯ ಜೊತೆ ಅದೂ ಇದೂ ಮಾತಾಡುತ್ತ, ಮೊಣಕಾಲು ನೋವು, ಟೊಮೆಟೊ ರೇಟು ಎಲ್ಲ ಮುಗಿದ ಮೇಲೆ, ಅದೇ ದನಿಯಲ್ಲಿ, 'ನಂಗೂ ಅಪ್ಪನಂಗೇ ಮೂಲವ್ಯಾಧಿ ಸುರುವಾಗೈತೆ. ಆಗಾಗ ರಕ್ತ ಓಗ್ತದೆ' ಅಂದಳು.

ನಾನು ಒಳಗೆ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಕೆಂಪು ಪೆನ್ನು ಹಾಗೇ ನಿಂತಿತು. ಎಷ್ಟು ದಿನದಿಂದ ಎಂದು ಹೊರಗೆ ಬಂದು ಕೇಳಿದೆ. ಯುಗಾದಿಯಿಂದ ಎಂದಳು. ಅಂದರೆ ಪರೀಕ್ಷೆಗೆ ಹೋಗುವುದಕ್ಕೂ ಮುಂಚಿನಿಂದ. ಯಾಕೆ ಹೇಳಲಿಲ್ಲ ಎಂದರೆ, 'ಯೋಳೋವಂತಾದ್ದೇನೈತೆ? ಕಬ್ಬಿಣದ್ದು ಅಂದಿದ್ಯಲ್ಲ' ಎಂದು ನಕ್ಕು ಬಸ್ಸಿಗೆ ಹೊರಟಳು.

ಮಾರನೆಯ ದಿನ ರಜೆ ಹಾಕಿ ಅವಳ ಹಳ್ಳಿಗೆ ಹೋದೆ. ಇಂಗ್ಲಿಷ್ ಚೀಟಿಯನ್ನೂ ಜೇಬಿನಲ್ಲಿಟ್ಟುಕೊಂಡಿದ್ದೆ. ಅವಳು ಹಸುವಿನ ಕೆಳಗೆ ಕೂತು ಹಾಲು ಕರೆಯುತ್ತಿದ್ದಳು. ನಾನು ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತೆ.

'ಅಕ್ಕ, ಆ ಚೀಟಿ ತಪ್ಪು ಬರೆದದ್ದು ನಾನು. ತಿಳಿಯಾಗಿರಬೇಕು ಅಂತ ಇತ್ತು. ನಾನು ಬರೀಲಿಲ್ಲ.'

'ಗೊತ್ತು ಕಣ್ಲಾ.'

'ಹೆಂಗೆ ಗೊತ್ತು?'

'ಆ ನರ್ಸಮ್ಮ ಯೋಳಿದ್ಲು, ಚೀಟೀಲಿ ಅಂಗಂತ ಇರ್ತದೆ ಅಂತ.'

'ಮತ್ತೆ ಡಾಕ್ಟರಮ್ಮನ ಮುಂದೆ ಯಾಕೆ ಹೇಳಲಿಲ್ಲ?'

ಹಾಲಿನ ಸದ್ದು ನಿಲ್ಲಲಿಲ್ಲ. 'ಮೇಷ್ಟ್ರಲ್ವಾ ನೀನು? ಅಷ್ಟು ಜನದ ಮುಂದೆ ನಿನ್ನ ಮರ್ವಾದೆ ಕಳೀಲಾ?'

ಇದಕ್ಕೂ ನನಗೆ ಅಸೂಯೆಯಾಯಿತು. ಕರುಳಿನದು ಬೇರೆ. ಇಷ್ಟು ಸಲೀಸಾಗಿ ದೊಡ್ಡವಳಾಗಿಬಿಡುವುದಿದೆಯಲ್ಲ, ಅದಕ್ಕೆ ಏನು ತಿನ್ನಬೇಕೋ ನನಗೆ ಗೊತ್ತಿಲ್ಲ.

ಅಲ್ಲೇ ನಿಂತು ಎಲ್ಲ ಹೇಳಿದೆ. ಮುದ್ದೆ ತಿನ್ನುವವರಿಗೆ ಬರುವುದಿಲ್ಲ ಎಂದದ್ದು ಸುಳ್ಳು, ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ಹಾಗೆ ಅಂದೆ ಎಂದೆ. ಅವಳು ತಿರುಗಿ ನೋಡಿ, ನನ್ನ ಮುಖ ಕಂಡು, ಮತ್ತೆ ಹಸುವಿನ ಕಡೆ ತಿರುಗಿದಳು. ಆಮೇಲೆ ನಾರು, ಸೂಕ್ಷ್ಮಜೀವಿ, ಆಮ್ಲ, ಪಿತ್ತ, ಒಂದೊಂದಾಗಿ ವಿವರಿಸಿದೆ. ಊಟದಿಂದ ಅಪಾಯ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ವಯಸ್ಸಿದೆ, ಅಪ್ಪನಿಂದ ಬಂದದ್ದಿದೆ, ಬರೀ ಅದೃಷ್ಟ ಎನ್ನುವುದೂ ಇದೆ. ರಕ್ತ ಹೋಗುವುದು ಮೂಲವ್ಯಾಧಿಯೋ ಮತ್ತೊಂದೋ ಎಂದು ನೋಡದೆ ಹೇಳಲು ಯಾವ ಡಾಕ್ಟರಿಗೂ ಬರುವುದಿಲ್ಲ. ಕ್ಲಾಸಿನಲ್ಲಿ ಮುಕ್ಕಾಲು ಗಂಟೆ ತೆಗೆದುಕೊಳ್ಳುವ ಪಾಠವನ್ನು ಸಗಣಿ ತುಳಿದುಕೊಂಡು ಅರ್ಧ ಗಂಟೆಯಲ್ಲಿ ಮುಗಿಸಿದೆ.

ಅಕ್ಕ ಎದ್ದು ಹಾಲಿನ ಕ್ಯಾನಿನ ಮುಚ್ಚಳ ಹಾಕಿದಳು. 'ಅಂದ್ರೆ ಬೇಲಿ ಚೆನ್ನಾಗೈತೆ, ಆದ್ರೂ ಮೇಕೆ ನುಗ್ಗಿರ್ಬೋದು, ಓಗಿ ನೋಡ್ಬೇಕು ಅಂತ. ಅಷ್ಟು ಯೋಳಕ್ಕೆ ಇಷ್ಟೊತ್ತಾ?'

ಈ ಸಲ ಆ ಮೂರು ದಿನವೂ ನಾನೇ ಅವಳ ಮನೆಯಲ್ಲಿ ಉಳಿದೆ. ಕೊನೆಯ ದಿನ ಅವಳು ಎಳನೀರು ಹಿಡಿದು ಕೂತಳು, ಸೊಸೆ ನನಗೆ ಮುದ್ದೆ ಬಡಿಸಿದಳು. ನಾನು ಅಗಿಯುವುದನ್ನು ಅಕ್ಕ ಸ್ವಲ್ಪ ಹೊತ್ತು ಸಹಿಸಿಕೊಂಡಳು. 'ನುಂಗ್ಲಾ. ಅಗಿಯಾಕೆ ಅದೇನು ಕಬಾಬಾ?'

ಡಾಕ್ಟರಮ್ಮ ಈ ಸಲ ಹತ್ತು ನಿಮಿಷಕ್ಕೆ ಹೊರಗೆ ಬರಲಿಲ್ಲ. ಅರ್ಧ ಗಂಟೆಯಾಯಿತು, ಇನ್ನೂ ಸ್ವಲ್ಪ ಹೊತ್ತಾಯಿತು. ಬೆಂಚಿನ ಮೇಲೆ ಕೂತ ನನಗೆ ನಾನು ಬಯಸಿದ್ದು ನೆನಪಾಗುತ್ತಿತ್ತು. ಒಂದಾದರೂ ಸಿಗಲಿ. ಬೇಡ, ಬೇಡ ಎಂದು ಈಗ ಹೇಳಿಕೊಂಡರೆ ಒಳಗೆ ಬೆಳೆದದ್ದು ಕರಗುತ್ತದೆಯೇ?

ಒಂದು ಸಿಕ್ಕಿತು. ಕರುಳಿನ ತಿರುವಿನಲ್ಲಿ, ಅವರೆಕಾಳಿನಷ್ಟು. ನನ್ನ ಮೂರಕ್ಕಿಂತ ದೊಡ್ಡದು. ಅಲ್ಲೇ ತೆಗೆದು ಪರೀಕ್ಷೆಗೆ ಕಳಿಸಿದರು. ಆ ವಾರ ನಾನು ಏನು ಪಾಠ ಮಾಡಿದೆನೋ ನೆನಪಿಲ್ಲ. ವರದಿ ಬಂದ ದಿನ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿ ಹೇಳಿದರು: ಕ್ಯಾನ್ಸರ್ ಆಗಿಲ್ಲ. ಆದರೆ ಕೋಶಗಳು ಬದಲಾಗತೊಡಗಿದ್ದವು, ಹಾಗೇ ಬಿಟ್ಟಿದ್ದರೆ ಕೆಲವು ವರ್ಷಗಳಲ್ಲಿ ಬೇರೆ ಮಾತಾಡಬೇಕಾಗುತ್ತಿತ್ತು. ಪೂರ್ತಿ ತೆಗೆದಿದ್ದೇವೆ, ಹೇಳಿದಾಗ ಬಂದು ತೋರಿಸಬೇಕು, ಮುದ್ದೆ ಸೊಪ್ಪು ಬಿಡಬೇಡಿ.

ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತೆವು. ಅಕ್ಕ ಕೇಳಿದಳು. 'ನಾನು ಇಷ್ಟೆಲ್ಲ ಮುದ್ದೆ ತಿಂದ್ರೂ ಯಾಕ್ಲಾ ಬಂತು?'

'ಗೊತ್ತಿಲ್ಲಕ್ಕ. ತಿನ್ನದಿದ್ದರೆ ಮೊದಲೇ ಬರುತ್ತಿತ್ತೋ ಏನೋ. ಅಪ್ಪನಿಂದ ಬಂದಿರಬಹುದು.'

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. 'ಅಂಗಾದ್ರೆ ಇದೊಂದನ್ನ ಅಪ್ಪ ಇಬ್ರಿಗೂ ಸಮ್ನಾಗಿ ಅಂಚವ್ನೆ.'

ಆ ದಿನ ನನ್ನಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ಅದನ್ನೂ ದಾಖಲಿಸುತ್ತೇನೆ. ಮಾರನೆಯ ದಿನವೂ ಇರಲಿಲ್ಲ.

ಅದು ವಾಪಸ್ಸು ಬಂದದ್ದು ಹೇಗೆಂದರೆ, ಅಕ್ಕ ದಿನಾ ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋಗುತ್ತಾಳಲ್ಲ, ಅಲ್ಲಿ ಸಾಲಿನಲ್ಲಿ ನಿಂತು ಎಲ್ಲವನ್ನೂ ಹೇಳಿಬಿಟ್ಟಿದ್ದಾಳೆ. ಕೊಳವೆ, ಅಂಬಲಿ, ಅವರೆಕಾಳು, ಬೇಲಿ, ಮೇಕೆ. ರಕ್ತ ಹೋದರೆ ಮೂಲವ್ಯಾಧಿ ಅಂತ ಸುಮ್ಮನೆ ಕೂರಬೇಡಿ ಎಂದಿದ್ದಾಳೆ. ಅವಳ ಮಾತು ಕೇಳಿ ಆ ಹಳ್ಳಿಯಿಂದ ಮೂರು ಜನ ಹೋಗಿ ತೋರಿಸಿಕೊಂಡು ಬಂದಿದ್ದಾರೆ. ನಾನು ಇದೇ ವಿಷಯವನ್ನು ಕಾಲೇಜಿನ ಪೋಷಕರ ಸಭೆಯಲ್ಲಿ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದ್ದೆ. ಒಬ್ಬರೂ ಹೋದ ಸುದ್ದಿಯಿಲ್ಲ. ಒಬ್ಬರು ಮಾತ್ರ ಎದ್ದು ನಿಂತು, ಈ ಸಲ ಗ್ರೇಸ್ ಮಾರ್ಕ್ಸ್ ಇದೆಯೇ ಎಂದು ಕೇಳಿದರು.

ಮೊನ್ನೆ ಬಂಗಾರಪೇಟೆ ಬಸ್ ನಿಲ್ದಾಣದಲ್ಲಿ ಅಕ್ಕನ ಊರಿನ ಒಬ್ಬರು ಸಿಕ್ಕರು. ನನ್ನಷ್ಟೇ ವಯಸ್ಸು. ಆಚೀಚೆ ನೋಡಿ, ದನಿ ತಗ್ಗಿಸಿ, ತಮಗೂ ಆಗಾಗ ರಕ್ತ ಹೋಗುತ್ತಿದೆ, ಏನು ಮಾಡುವುದು ಎಂದರು. ನಾನು ಚೀಲ ಕೆಳಗಿಟ್ಟೆ. ದೊಡ್ಡಕರುಳಿನ ಒಳಗೋಡೆಯಿಂದ ಶುರು ಮಾಡಿದೆ. ಎರಡನೇ ವಾಕ್ಯಕ್ಕೆ ಬರುವಷ್ಟರಲ್ಲಿ ಅವರು ಕೈ ಎತ್ತಿದರು.

'ಇರ್ಲಿ ಬಿಡಿ ಸಾರ್, ನೀವು ದೊಡ್ಡದಾಗಿ ಯೋಳ್ತೀರಿ. ನಿಮ್ಮಕ್ಕೋರ ನಂಬರ್ ಇದ್ರೆ ಕೊಡಿ.'

ಕೊಟ್ಟೆ. ಒಂದೊಂದೇ ಅಂಕಿ ನಿಧಾನವಾಗಿ ಹೇಳಿ, ಅವರು ಒತ್ತಿದ್ದು ಸರಿಯಿದೆಯೇ ಎಂದು ಫೋನು ಇಸಿದುಕೊಂಡು ನೋಡಿದೆ. ಇವತ್ತೇ ಮಾಡಿ ಎಂದೆ.